ಕುಳಿತಲ್ಲಿ ಬೆನ್ನು ಸರಾಗವಾಗಿ ತಿರುಗಬೇಕಾದರೆ

ಕೊಡಗಿನಲ್ಲಿ ಕಾಫಿ ಕೊಯ್ಲಿನ ಕಾಲಕ್ಕೆ, ಮಣೆಯ ಮೇಲೆ ಕುಳಿತು ಮೊರದಲ್ಲಿ ಬೀಜ ಆರಿಸುವವರು ಬಾಗಿದ ಬೆನ್ನಿನಲ್ಲೇ ಪಕ್ಕದ ರಾಶಿಗೆ ಕೈಚಾಚುತ್ತಾರೆ. ತೋಟದ ರಸ್ತೆಯಲ್ಲಿ ಜೀಪನ್ನು ಹಿಂದಕ್ಕೆ ತೆಗೆಯುವವರು ಸೀಟಿನಲ್ಲಿ ಕುಸಿದು ಕುಳಿತೇ ಕತ್ತು ಹೊರಳಿಸುತ್ತಾರೆ. ಸಂಜೆ ಬೆನ್ನು ಹಿಡಿದುಕೊಂಡರೆ ತಿರುಗಿದ್ದನ್ನು ದೂರುವುದು ವಾಡಿಕೆ. ಆದರೆ ಮೊದಲು ಗಮನಿಸಬೇಕಾದದ್ದು ತಿರುಗುವ ಮುನ್ನ ಕುಳಿತಿದ್ದ ಭಂಗಿಯನ್ನು.

ಇದನ್ನು ನೀವೇ ಪರೀಕ್ಷಿಸಬಹುದು. ಗಟ್ಟಿಯಾದ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಬೇಕೆಂದೇ ಬೆನ್ನು ಬಾಗಿಸಿ ಕುಳಿತುಕೊಳ್ಳಿ. ಮೊಣಕಾಲು ಕದಲಿಸದೆ ನಿಧಾನವಾಗಿ ಬಲಕ್ಕೆ ತಿರುಗಿ, ದೃಷ್ಟಿ ಗೋಡೆಯ ಯಾವ ಜಾಗಕ್ಕೆ ತಲುಪಿತೆಂದು ಗುರುತಿಟ್ಟುಕೊಳ್ಳಿ. ಬಳಿಕ ಪೃಷ್ಠದಡಿ ಕುರ್ಚಿಗೆ ಒತ್ತುವ ಎರಡು ಮೂಳೆಗಳ ಮೇಲೆ ಭಾರ ಬೀಳುವಂತೆ ಸೊಂಟವನ್ನು ತುಸು ಮುಂದಕ್ಕೆ ವಾಲಿಸಿ, ನೆಟ್ಟಗೆ ಕುಳಿತು, ಮತ್ತೆ ಅಷ್ಟೇ ನಿಧಾನವಾಗಿ ತಿರುಗಿ. ಸಾಮಾನ್ಯವಾಗಿ ಈ ಸಲ ನೋಟ ಮೊದಲಿನ ಗುರುತನ್ನು ದಾಟಿ ಹೋಗುತ್ತದೆ.

ಕಾರಣ ಬೆನ್ನುಮೂಳೆಯ ರಚನೆಯಲ್ಲಿದೆ. ಕತ್ತಿನಲ್ಲಿ 7, ಎದೆಯ ಹಿಂಬದಿಯಲ್ಲಿ 12, ಕೆಳಬೆನ್ನಿನಲ್ಲಿ 5 ಕಶೇರುಗಳು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು, ಇವೆ. ಕೆಳಬೆನ್ನಿನ ಕೀಲುಗಳು ಬಗ್ಗಿ ಏಳುವುದಕ್ಕೆ ಒಗ್ಗಿದವು, ತಿರುಗುವುದು ಅವುಗಳಿಂದ ತೀರಾ ಕಡಿಮೆ. ಆದ್ದರಿಂದ ಮುಂಡದ ತಿರುಗಾಟ ಬಹುಪಾಲು ಎದೆಯ ಭಾಗದಿಂದಲೇ ಬರಬೇಕು. ಸೊಂಟ ಹಿಂದಕ್ಕೆ ಹೊರಳಿದಾಗ ಕೆಳಬೆನ್ನಿನ ಸಹಜ ಒಳಬಾಗು ಚಪ್ಪಟೆಯಾಗಿ, ಎದೆ ಕುಸಿದು, ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಹಿಂಬದಿಯ ಅಸ್ಥಿರಜ್ಜುಗಳು ಮೊದಲೇ ಬಿಗಿದುಕೊಂಡಿರುವುದರಿಂದ ತಿರುಗಲು ಎಡೆ ಉಳಿಯುವುದಿಲ್ಲ. ಆ ಕೊರತೆಯನ್ನು ಕತ್ತು ಮತ್ತು ಭುಜಗಳು ತುಂಬಬೇಕಾಗುತ್ತದೆ.

ಮಣೆ ತಗ್ಗಾದಷ್ಟೂ ಮೊಣಕಾಲುಗಳು ಮೇಲೇರಿ ಸೊಂಟವನ್ನು ಹಿಂದಕ್ಕೆ ತಳ್ಳುತ್ತವೆ. ಮಡಿಸಿದ ಗೋಣಿಚೀಲಗಳನ್ನು ಹಾಕಿ ಅಥವಾ ಎತ್ತರದ ಸ್ಟೂಲು ಬಳಸಿ, ಸೊಂಟವು ಮೊಣಕಾಲಿಗಿಂತ ಸ್ವಲ್ಪ ಮೇಲಿರುವಂತೆ ನೋಡಿಕೊಳ್ಳಿ. ಆದರೆ ಮೊರವನ್ನೂ ಎತ್ತರಿಸದಿದ್ದರೆ ಬೆನ್ನು ಮತ್ತೆ ಬಾಗುವುದು ಖಂಡಿತ. ಕಾಲು ನೀಡಿ ಕೂರುವ ಅಭ್ಯಾಸವಿದ್ದವರಿಗೆ ತೊಡೆಯ ಹಿಂಬದಿಯ ಸ್ನಾಯುಗಳ ಎಳೆತದಿಂದ ಇದೇ ತೊಂದರೆಯಾಗುತ್ತದೆ. ಪಕ್ಕದ ರಾಶಿಗೆ ಕೈಚಾಚುವ ಬದಲು ರಾಶಿಯನ್ನೇ ಎದುರಿಗೆ ಎಳೆದುಕೊಳ್ಳುವುದು ಇನ್ನೂ ಒಳ್ಳೆಯದು. ಜೀಪಿನಲ್ಲಿ ಸೊಂಟವನ್ನು ಸೀಟಿನ ಒರಗಿಗೆ ತಾಗುವವರೆಗೆ ಹಿಂದಕ್ಕೆ ಸರಿಸಿ, ಸುರುಳಿ ಸುತ್ತಿದ ಟವೆಲನ್ನು ಕೆಳಬೆನ್ನಿಗೆ ಆಸರೆಯಾಗಿ ಕೊಟ್ಟರೆ ಸಾಕು.

ನೆಟ್ಟಗೆ ಕುಳಿತುಕೊಳ್ಳುವುದೆಂದರೆ ಮೈ ಸೆಟೆಸಿಕೊಂಡಿರುವುದಲ್ಲ. ಎಷ್ಟೇ ಒಳ್ಳೆಯ ಭಂಗಿಯಾದರೂ ಗಂಟೆಗಟ್ಟಲೆ ಹಿಡಿದರೆ ಬೆನ್ನಿಗೆ ಹಿತವಲ್ಲವಾದ್ದರಿಂದ ಅರ್ಧ ಗಂಟೆಗೊಮ್ಮೆಯಾದರೂ ಎದ್ದು ನಿಲ್ಲಿ. ಬಹಳ ಹೊತ್ತು ಬಾಗಿ ಕುಳಿತವರ ಅಸ್ಥಿರಜ್ಜುಗಳು ಹಿಗ್ಗಿರುತ್ತವೆ; ಅವರು ಎದ್ದ ಕೂಡಲೇ 50 ಕಿಲೋದ ಮೂಟೆಗೆ ಕೈಹಾಕದೆ ಕೆಲವು ನಿಮಿಷ ಕಣದಲ್ಲಿ ಓಡಾಡಬೇಕು. ಕಾಲಿನಲ್ಲಿ ಜೋಮು ಅಥವಾ ಬಲಹೀನತೆ ಕಂಡರೆ ಇವನ್ನೆಲ್ಲ ಬಿಟ್ಟು ವೈದ್ಯರಿಗೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರಂತೂ ತಡಮಾಡದೆ ಆಸ್ಪತ್ರೆಗೆ ಹೋಗಿ.