ನಾಣ್ಯಕ್ಕಿಂತ ಮೊದಲು ಮಾರುವವನನ್ನು ನೋಡಿ

ಆನ್‌ಲೈನ್ ಹರಾಜೊಂದರಲ್ಲಿ 1939ರ ಬೆಳ್ಳಿ ರೂಪಾಯಿ ಗೆದ್ದ ದಿನ ನನಗೆ ನಿದ್ದೆ ಬಂದಿರಲಿಲ್ಲ. ಆರನೇ ಜಾರ್ಜ್ ಕಾಲದ ರೂಪಾಯಿಗಳಲ್ಲಿ ಆ ಇಸವಿಯದು ಸಿಗುವುದೇ ಅಪರೂಪ. 'ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು' ಎಂದು ಮಾರಾಟಗಾರ ಬರೆದಿದ್ದ. ನಾಣ್ಯ ಬಂತು. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿಟ್ಟರೆ 9.8 ಗ್ರಾಂ. ಇರಬೇಕಾದದ್ದು 11.66. ಅಂದಿನಿಂದ ನಾನು ಪಾಲಿಸುತ್ತಿರುವ ಕ್ರಮ ಇದು. ಹಳೆಯ ನಾಣ್ಯಕ್ಕೆ ಮಾತ್ರವಲ್ಲ, ಗಡಿಯಾರ, ಕ್ಯಾಮೆರಾ, ಅಂಚೆಚೀಟಿಗೂ ಇದು ಹೊಂದುತ್ತದೆ.

ಮೊದಲು ಅವನ ಜಾತಕ

ವಸ್ತುವಿನ ಫೋಟೊ ಮುಚ್ಚಿಟ್ಟು ಮಾರಾಟಗಾರನ ಪುಟ ತೆರೆಯಿರಿ. 'ಶೇ 99 ಮೆಚ್ಚುಗೆ' ನೋಡಿ ಸಮಾಧಾನಪಡಬೇಡಿ. ಆ ಮೆಚ್ಚುಗೆ ಮಾರಿದ್ದಕ್ಕೆ ಬಂದದ್ದೋ, ತಾನೇ ಚಿಲ್ಲರೆ ವಸ್ತು ಕೊಂಡಿದ್ದಕ್ಕೆ ಬಂದದ್ದೋ? ನನಗೆ ಮಾರಿದವನಿಗೆ ಬಂದಿದ್ದ ಹೊಗಳಿಕೆಯೆಲ್ಲ ಹತ್ತಿಪ್ಪತ್ತು ರೂಪಾಯಿಯ ಅಂಚೆಚೀಟಿ ಕೊಂಡಿದ್ದಕ್ಕೆ. ಖಾತೆ ತೆರೆದು ಒಂದು ತಿಂಗಳೂ ಆಗಿರಲಿಲ್ಲ.

ಕೆಟ್ಟ ಅಭಿಪ್ರಾಯಗಳನ್ನು ಒಂದೂ ಬಿಡದೆ ಓದಿ. ಇಬೇ ಎಂಬ ಹರಾಜು ತಾಣದಲ್ಲಿ 2008ರಿಂದ ಮಾರಾಟಗಾರರು ಗ್ರಾಹಕರ ಬಗ್ಗೆ ಕೆಟ್ಟ ಅಭಿಪ್ರಾಯ ಹಾಕುವಂತಿಲ್ಲ. ಸೇಡಿನ ಭಯವಿಲ್ಲದೆ ಬರೆದದ್ದಾದ್ದರಿಂದ ಅಲ್ಲಿನ ದೂರುಗಳಿಗೆ ಬೆಲೆ ಹೆಚ್ಚು. (ಭಾರತದ ಇಬೇ ತಾಣ 2018ರಲ್ಲಿ ಮುಚ್ಚಿತು. ಈಗ ನಮ್ಮವರು ಕೊಳ್ಳುವುದು ಅದರ ವಿದೇಶಿ ತಾಣದಿಂದ.)

ಆಮೇಲೆ ವಸ್ತು

ನಾಣ್ಯದ ಅಂಚಿನ ಫೋಟೊ ಕೇಳಿ. ತಕ್ಕಡಿಯ ಮೇಲಿಟ್ಟ ಫೋಟೊ ಕೇಳಿ. ಪಕ್ಕದಲ್ಲಿ ಅಂದಿನ ತಾರೀಖು ಬರೆದ ಚೀಟಿ ಇರಲಿ. ಎರಕ ಹೊಯ್ದ ಖೊಟ್ಟಿ ನಾಣ್ಯದ ಮೈಮೇಲೆ ಸೂಜಿಮೊನೆಯಂಥ ಗುಳಿಗಳು, ಅಂಚಿನ ಸುತ್ತ ಸಣ್ಣ ಗೆರೆ ಕಾಣುವುದುಂಟು. ಅಸಲಿ ಮಾಲಿರುವವನು ಸಾಮಾನ್ಯವಾಗಿ ಖುಷಿಯಿಂದಲೇ ಫೋಟೊ ಕಳಿಸುತ್ತಾನೆ. 'ಬೇಕಾದ್ರೆ ತಗೊಳ್ಳಿ, ಬೇರೆಯವರು ಕಾಯ್ತಿದಾರೆ' ಎಂದರೆ ಅಲ್ಲಿಗೇ ಬಿಡಿ.

ರಾಮ, ಸೀತೆ, ಹನುಮಂತರ ಚಿತ್ರವಿರುವ '1818, ಒನ್ ಆಣೆ, ಈಸ್ಟ್ ಇಂಡಿಯಾ ಕಂಪನಿ' ನಾಣ್ಯ ಕಂಡರೆ ಅಂಥ ಖಾತೆಯಿಂದ ಏನನ್ನೂ ಕೊಳ್ಳಬೇಡಿ. ಕಂಪನಿ ಅಂಥ ನಾಣ್ಯ ಟಂಕಿಸಿದ್ದೇ ಇಲ್ಲ. ಅಕ್ಕಿಕಾಳು ಸೆಳೆಯುವ ದೈವಶಕ್ತಿ ಇದಕ್ಕಿದೆ ಎಂದು ನಂಬಿಸಿ, ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಮನೆ ಮುಳುಗಿಸುವವರು ಹಿಡಿದುಕೊಂಡು ಬರುವುದೂ ಇಂಥವನ್ನೇ.

ವಿದೇಶದಲ್ಲಿರುವ ಕನ್ನಡಿಗರಿಗೆ ಒಂದು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. 'ಪಾರ್ಸೆಲ್ ಮಾಡ್ತೀನಿ' ಎನ್ನುವ ಇಲ್ಲಿನ ಮಾರಾಟಗಾರನಿಗೆ ಹೂಂ ಅನ್ನಬೇಡಿ.

ಸವಾಲು ಕೂಗುವಾಗ

ಬೆಲೆ ಏರಿಸಲು ಮಾರಾಟಗಾರನೇ ಬೇರೆ ಖಾತೆಯಿಂದ ಸವಾಲು (ಬಿಡ್) ಹಾಕುವುದುಂಟು. ಸವಾಲಿನ ಪಟ್ಟಿ ನೋಡಿ. ಒಂದೇ ಖಾತೆ ಇದೇ ಮಾರಾಟಗಾರನ ಎಲ್ಲ ಹರಾಜಿನಲ್ಲೂ ಬಂದು ಪ್ರತಿ ಬಾರಿಯೂ ಸ್ವಲ್ಪದರಲ್ಲೇ ಸೋಲುತ್ತಿದ್ದರೆ ಅನುಮಾನಪಡಿ. ನಿಮ್ಮ ಮಿತಿಯನ್ನು ಮೊದಲೇ ಚೀಟಿಯಲ್ಲಿ ಬರೆದು, ಗರಿಷ್ಠ ಮೊತ್ತವನ್ನು ಒಮ್ಮೆಗೇ ತುಂಬಿ, ಎದ್ದುಹೋಗಿ.

ಹಣ ಕೊಡುವಾಗ

'ಸೈಟಿನ ಹೊರಗೆ ಫೋನ್‌ಪೇ ಮಾಡಿ ಸಾರ್, ಕಮಿಷನ್ ಉಳಿಯುತ್ತೆ, ಐನೂರು ಕಮ್ಮಿ ಮಾಡ್ತೀನಿ.' ಒಪ್ಪಿಕೊಂಡರೆ ತಾಣ ಕೊಡುವ ರಕ್ಷಣೆ ಅಲ್ಲಿಗೆ ಮುಗಿಯಿತು. ಹಾಗೆಯೇ, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. 'ರೀಫಂಡ್‌ಗೆ ಪಿನ್ ಹಾಕಿ' ಎಂದವನು ಕಳ್ಳನೇ. ಮನೆಯ ಹಳೆ ನಾಣ್ಯ ಮಾರಲು ಹೊರಟವರೂ ಎಚ್ಚರವಾಗಿರಿ. ರಿಸರ್ವ್ ಬ್ಯಾಂಕ್ ಹೆಸರು ಹೇಳಿ ಕಮಿಷನ್, ತೆರಿಗೆ ಕೇಳುವವರ ಬಗ್ಗೆ ಆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅಂಥ ವ್ಯವಹಾರ ಅದು ಮಾಡುವುದೇ ಇಲ್ಲ.

ಮೋಸವಾದರೆ

ಪೊಟ್ಟಣ ಬಿಚ್ಚುವುದನ್ನು ವಿಳಾಸದ ಚೀಟಿಯಿಂದ ಹಿಡಿದು ತೂಕದವರೆಗೆ ಒಂದೇ ವಿಡಿಯೊದಲ್ಲಿ ಸೆರೆಹಿಡಿಯಿರಿ. ವ್ಯತ್ಯಾಸ ಕಂಡರೆ ಅಂದೇ, ತಾಣದ ಮೂಲಕವೇ ದೂರು ಹಾಕಿ. ನಾನು ಎಡವಿದ್ದು ಇಲ್ಲೇ. 'ಮುಂದಿನ ವಾರ ದುಡ್ಡು ವಾಪಸ್ ಹಾಕ್ತೀನಿ, ದೂರು ಕೊಡಬೇಡಿ' ಎಂದು ಅವನು ಅಂಗಲಾಚಿದ. ಪಾಪ ಎನ್ನಿಸಿತು. ಐದು ವಾರ ಕಳೆದವು, ಗಡುವು ಮುಗಿಯಿತು, ಅವನ ಫೋನ್ ಸ್ವಿಚ್ ಆಫ್. ಇಬೇಯಲ್ಲಾದರೆ ವಸ್ತು ಕೈಸೇರಿದ 30 ದಿನದೊಳಗೆ ದೂರು ಕೊಡಬೇಕು.

ಹಣ ಲಪಟಾಯಿಸಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಭಾರತದ ಇ-ಕಾಮರ್ಸ್ ತಾಣವಾದರೆ 2020ರ ನಿಯಮದಂತೆ ಅದರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ಖಚಿತಪಡಿಸಿ, ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಕಾಯ್ದೆಯಡಿ ನೀವಿರುವ ಜಿಲ್ಲೆಯ ಆಯೋಗದಲ್ಲೇ ದಾವೆ ಹೂಡಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ.

ಕೊನೆಗೆ ಅಭಿಪ್ರಾಯ ಬರೆಯಿರಿ. ಬೈಗುಳ ಬೇಡ, ವಿವರ ಸಾಕು. ನಾನು ಬರೆದದ್ದು ಇಷ್ಟು: '1939ರ ಬೆಳ್ಳಿ ರೂಪಾಯಿ ಎಂದು ಮಾರಿದ್ದು, ತೂಕ 9.8 ಗ್ರಾಂ, ಅಂಚಿನಲ್ಲಿ ಎರಕದ ಗೆರೆ. ಹಣ ವಾಪಸ್ ಬಂದಿಲ್ಲ.'