ಜೀನ್ ಅಳೆಯಬೇಕೇ? ಮೊದಲು ಕೋಶವನ್ನು ನಿಲ್ಲಿಸಿ

ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯುವ ಕ್ಯೂಪಿಸಿಆರ್ ಯಂತ್ರದ ಮುಂದೆ ಕೂತು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳನ್ನು ತುಂಬಾ ನೋಡಿದ್ದೇನೆ. ಒಂದೇ ಪ್ರಯೋಗ, ಒಂದೇ ಜೀನ್, ಆದರೆ ಈ ವಾರ ಬಂದ ಉತ್ತರ ಮುಂದಿನ ವಾರ ಬರುವುದಿಲ್ಲ. ಆಗ ಎಲ್ಲರೂ ಮೊದಲು ದೂರುವುದು ಯಂತ್ರವನ್ನು, ಆಮೇಲೆ ಪ್ರೈಮರನ್ನು (ಅಳೆಯಬೇಕಾದ ಜೀನನ್ನು ಗುರುತಿಸಿ ಹಿಡಿಯುವ ಪುಟ್ಟ ಡಿಎನ್‌ಎ ತುಂಡು). ಎಡವಟ್ಟು ನಡೆದಿರುವುದು ಹೆಚ್ಚಾಗಿ ಅದಕ್ಕೂ ಮುಂಚೆ, ಇನ್‌ಕ್ಯುಬೇಟರ್‌ನಿಂದ ಕೋಶ ಬೆಳೆಸಿದ ಡಿಶ್ ಹೊರಗೆ ತೆಗೆದ ಮೊದಲ ಕೆಲವು ನಿಮಿಷಗಳಲ್ಲಿ. ಅದಕ್ಕೇ ಆ ನಿಮಿಷಗಳಿಗೆ ಇಲ್ಲಿ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಉಳಿದದ್ದನ್ನು ಕಿಟ್ ಜೊತೆ ಬರುವ ಹಾಳೆಯೇ ಹೇಳಿಕೊಡುತ್ತದೆ.

ನಾವು ಅಳೆಯಲು ಹೊರಟಿರುವುದು ಏನನ್ನು? ಯಕೃತ್ತಿನ ಕೋಶದಲ್ಲೂ ನರಕೋಶದಲ್ಲೂ ಇರುವ ಡಿಎನ್‌ಎ ಒಂದೇ. ಪ್ರೋಟೀನ್ ತಯಾರಿಸುವ ಜೀನ್‌ಗಳು ಮನುಷ್ಯನಲ್ಲಿ ಸುಮಾರು 20,000 ಇವೆ. ಯಾವ ಕೋಶ ಅವುಗಳಲ್ಲಿ ಯಾವುದನ್ನು, ಯಾವಾಗ, ಎಷ್ಟು ಓದುತ್ತದೆ ಎಂಬುದರಲ್ಲೇ ವ್ಯತ್ಯಾಸವೆಲ್ಲ ಇರುವುದು. ಓದಿದಾಗ ಹುಟ್ಟುವ ನಕಲೇ ಎಂಆರ್‌ಎನ್‌ಎ. ಲ್ಯಾಕ್ಟೋಸ್ ಸಿಕ್ಕಾಗ ಮಾತ್ರ ಬ್ಯಾಕ್ಟೀರಿಯಾ ಅದನ್ನು ಜೀರ್ಣಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ, ಇಲ್ಲದಾಗ ಒಂದು ಪ್ರೋಟೀನ್ ಅವುಗಳಿಗೆ ಅಡ್ಡ ಕೂತಿರುತ್ತದೆ ಎಂದು ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ 1961ರಲ್ಲಿ ವಿವರಿಸಿದರು. 1965ರಲ್ಲಿ ಆಂದ್ರೆ ಲ್ವೋಫ್ ಜೊತೆ ಅವರಿಗೆ ನೊಬೆಲ್ ಬಂತು. ಜೀನ್‌ಗಳ ಏರಿಳಿತ ಎಂದರೆ ಸುತ್ತಲಿನ ಪರಿಸ್ಥಿತಿಗೆ ಕೋಶ ಕೊಡುವ ಉತ್ತರ. ನೀವು ಡಿಶ್ ಎತ್ತಿ ಟೇಬಲ್ ಮೇಲೆ ಇಟ್ಟರೆ ಅದೂ ಒಂದು ಪರಿಸ್ಥಿತಿಯೇ ಅಲ್ವಾ? ಕೋಶ ಅದಕ್ಕೂ ಉತ್ತರ ಕೊಡಲು ಶುರುಮಾಡುತ್ತದೆ. ನೀವು ಅದನ್ನೇ ಅಳೆದು, ಔಷಧದ ಪರಿಣಾಮ ಎಂದು ಬರೆದುಕೊಳ್ಳುತ್ತೀರಿ.

ಹಂತ 1: ಯೋಜನೆ

ಕಂಟ್ರೋಲ್ (ಔಷಧ ಹಾಕದ) ಮತ್ತು ಔಷಧ ಹಾಕಿದ ಡಿಶ್‌ಗಳನ್ನು ಒಂದೇ ಹೊತ್ತಿನಲ್ಲಿ ತೆಗೆಯಿರಿ. ದೇಹದ ಗಡಿಯಾರ ನಡೆಸುವ ಪರ್, ಬಿಮಾಲ್1 ತರಹದ ಜೀನ್‌ಗಳು ದಿನವಿಡೀ ಏರಿಳಿಯುತ್ತವೆ. ಪ್ರಾಣಿಯ ಅಂಗಾಂಶವನ್ನು ಒಂದು ಗುಂಪಿನಿಂದ ಬೆಳಿಗ್ಗೆ, ಇನ್ನೊಂದರಿಂದ ಸಂಜೆ ತೆಗೆದರೆ ಹೋಲಿಕೆಗೆ ಅರ್ಥವೇ ಇರುವುದಿಲ್ಲ. ಕನಿಷ್ಠ ಮೂರು ಸ್ವತಂತ್ರ ಮಾದರಿಗಳು ಬೇಕು. ಒಂದೇ ಡಿಶ್‌ನ ಆರ್‌ಎನ್‌ಎಯನ್ನು ಪಿಸಿಆರ್ ತಟ್ಟೆಯ ಮೂರು ಗುಳಿಗಳಿಗೆ ಹಾಕಿದರೆ ಅದು ಮೂರು ಮಾದರಿಯಲ್ಲ, ಒಂದೇ.

ಹಂತ 2: ಕೋಶವನ್ನು ನಿಲ್ಲಿಸುವುದು

ಇಲ್ಲಿ ನಿಧಾನವಾಗಿ ಓದಿ.

ಫಾಸ್ ಎಂಬ ಜೀನ್ ಇದೆ. ಕೋಶಕ್ಕೆ ಸಣ್ಣ ಪ್ರಚೋದನೆ ಸಿಕ್ಕರೂ ಕೆಲವೇ ನಿಮಿಷಗಳಲ್ಲಿ ಇದರ ಎಂಆರ್‌ಎನ್‌ಎ ಏಳುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ತುದಿ ಮುಟ್ಟುತ್ತದೆ. ಸೀರಮ್ ಇರುವ ಹೊಸ ಮೀಡಿಯಾ (ಕೋಶ ಬೆಳೆಯುವ ಪೋಷಕ ದ್ರವ) ಹಾಕಿದರೂ ಸಾಕು, ಏಳುತ್ತದೆ. ಹಾಗಾಗಿ ಔಷಧದ ಡಿಶ್‌ಗೆ ಮೀಡಿಯಾ ಬದಲಿಸಿದರೆ ಕಂಟ್ರೋಲ್ ಡಿಶ್‌ಗೂ ಅದೇ ನಿಮಿಷದಲ್ಲಿ ಬದಲಿಸಬೇಕು. ಇದನ್ನು ಮರೆಯುವವರೇ ಹೆಚ್ಚು.

ಈಗ ಸಾಮಾನ್ಯವಾಗಿ ನಡೆಯುವುದನ್ನು ನೋಡಿ. ಡಿಶ್ ತೆಗೆದು, ತೊಳೆದು, ಕೋಶಗಳನ್ನು ತಳದಿಂದ ಬಿಡಿಸುವ ಟ್ರಿಪ್ಸಿನ್ ಕಿಣ್ವ ಹಾಕಿ, 37 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು, ಬಿಡಿಸಿದ ಕೋಶಗಳನ್ನು ಟ್ಯೂಬಿಗೆ ತುಂಬಿ, ಸೆಂಟ್ರಿಫ್ಯೂಜ್ ಮಾಡಿ, ಮತ್ತೆ ತೊಳೆದು, ಮತ್ತೆ ತಿರುಗಿಸಿ, ಕೊನೆಗೆ ಕೋಶ ಒಡೆಯುವ ಲೈಸಿಸ್ ದ್ರಾವಣ ಹಾಕುತ್ತಾರೆ. ಅಷ್ಟರಲ್ಲಿ ಇಪ್ಪತ್ತು ನಿಮಿಷ ಸುಲಭವಾಗಿ ಕಳೆದಿರುತ್ತದೆ. ಕೋಶ ಅಷ್ಟೂ ಹೊತ್ತು ಜೀವಂತವಾಗಿದೆ. ತಾನು ನಿಂತ ನೆಲದಿಂದ ಕಿತ್ತು ಬಂದಿದೆ, ಅದಕ್ಕೆ ಒತ್ತಡವಾಗಿದೆ, ಒತ್ತಡದ ಜೀನ್‌ಗಳನ್ನು ಎಬ್ಬಿಸುತ್ತಿದೆ.

ಏಳುವುದೊಂದೇ ಅಲ್ಲ, ಹಳೆಯ ಎಂಆರ್‌ಎನ್‌ಎ ಅಳಿಯುವುದೂ ನಡೆದೇ ಇರುತ್ತದೆ. ಅದೂ ಎಲ್ಲದಕ್ಕೂ ಒಂದೇ ವೇಗದಲ್ಲಲ್ಲ. ಫಾಸ್ ಎಂಆರ್‌ಎನ್‌ಎ ಸುಮಾರು ಹದಿನೈದು ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಗ್ಲೋಬಿನ್ ಎಂಆರ್‌ಎನ್‌ಎ ಗಂಟೆಗಟ್ಟಲೆ ಅಲ್ಲಾಡದೆ ಕೂತಿರುತ್ತದೆ. ಆದ್ದರಿಂದ "ಎಲ್ಲಾ ಮಾದರಿಗೂ ಒಂದೇ ರೀತಿ ತಡ ಆಯಿತು, ಪರವಾಗಿಲ್ಲ" ಎನ್ನುವ ಸಮಾಧಾನ ನಡೆಯುವುದಿಲ್ಲ. ಒಂದು ಜೀನ್‌ನ ಲೆಕ್ಕ ಪೂರ್ತಿ ಕೆಟ್ಟಿರುತ್ತದೆ, ಪಕ್ಕದ್ದು ಸರಿಯಾಗಿಯೇ ಇರುತ್ತದೆ.

ಸರಿಯಾದ ದಾರಿ ಚಿಕ್ಕದು. ತಳಕ್ಕೆ ಅಂಟಿ ಬೆಳೆಯುವ ಕೋಶಗಳಾದರೆ ಟ್ರಿಪ್ಸಿನ್ ಬೇಡವೇ ಬೇಡ. ಮೀಡಿಯಾ ಪೂರ್ತಿ ಹೀರಿ ತೆಗೆಯಿರಿ. ಬೇಕಿದ್ದರೆ ತಣ್ಣನೆಯ ಪಿಬಿಎಸ್ ಎಂಬ ಉಪ್ಪಿನ ದ್ರಾವಣದಿಂದ ಒಮ್ಮೆ ತೊಳೆಯಿರಿ. ನಾನಂತೂ ತೊಳೆಯದೆ ಬಿಡುವುದೇ ಹೆಚ್ಚು. ತಕ್ಷಣ ಗ್ವಾನಿಡಿನ್ ಥಯೋಸಯನೇಟ್ ಮತ್ತು ಫೀನಾಲ್ ಇರುವ ರೀಏಜೆಂಟನ್ನು ನೇರವಾಗಿ ಡಿಶ್ ಮೇಲೆಯೇ ಸುರಿಯಿರಿ. 10 ಚದರ ಸೆಂಟಿಮೀಟರಿಗೆ 1 ಮಿಲಿ ಲೆಕ್ಕ. ಪಿಪೆಟ್‌ನಿಂದ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ. ನೀರಿನಂತಿದ್ದ ದ್ರಾವಣ ಮೊದಲು ಎಳೆ ಎಳೆಯಾಗಿ ಲೋಳೆಯಾಗುತ್ತದೆ; ಅದು ಒಡೆದ ಕೋಶಗಳಿಂದ ಹೊರಬಿದ್ದ ಡಿಎನ್‌ಎ. ಆ ಎಳೆ ಮಾಯವಾಗುವವರೆಗೆ ಆಡಿಸಿ. ಗ್ವಾನಿಡಿನ್ ಸಿಕ್ಕ ಸಿಕ್ಕ ಪ್ರೋಟೀನ್‌ಗಳನ್ನೆಲ್ಲ ಬಿಚ್ಚಿಹಾಕುತ್ತದೆ. ಜೀನ್ ಓದುವ ಕಿಣ್ವವೂ ನಿಲ್ಲುತ್ತದೆ, ಆರ್‌ಎನ್‌ಎ ತಿನ್ನುವ ಕಿಣ್ವವೂ ನಿಲ್ಲುತ್ತದೆ. ಅಲ್ಲಿಗೆ ಕೋಶದ ಉತ್ತರ ಮುಗಿಯಿತು.

ಒಮ್ಮೆಗೆ ಒಂದೇ ಡಿಶ್ ಹೊರಗೆ ತೆಗೆಯಿರಿ. ಆರನ್ನೂ ಸಾಲಾಗಿ ಟೇಬಲ್ ಮೇಲೆ ಇಟ್ಟುಕೊಂಡರೆ ಆರನೆಯದು ತಣ್ಣಗಾಗುತ್ತಾ ಕಾಯುತ್ತಿರುತ್ತದೆ. ಮೊದಲು ಎಲ್ಲಾ ಕಂಟ್ರೋಲ್, ಆಮೇಲೆ ಎಲ್ಲಾ ಔಷಧದ್ದು ಎಂದು ಮಾಡಬೇಡಿ. ಒಂದು ಇದು, ಒಂದು ಅದು ಎಂದು ಬದಲಿಸುತ್ತಾ ಹೋಗಿ. ಇಲ್ಲದಿದ್ದರೆ ಕಾದ ಹೊತ್ತಿನ ಪರಿಣಾಮ ಔಷಧದ ಪರಿಣಾಮದಂತೆ ಕಾಣುತ್ತದೆ.

ಅಂಗಾಂಶವಾದರೆ ಸಣ್ಣದಾಗಿ ಕತ್ತರಿಸಿ, ಕೂಡಲೇ ದ್ರವ ಸಾರಜನಕಕ್ಕೆ ಹಾಕಿ, ಆಮೇಲೆ ಮೈನಸ್ 80 ಡಿಗ್ರಿಯಲ್ಲಿಡಿ. ಹೆಪ್ಪುಗಟ್ಟಿದ ತುಂಡನ್ನು ಕರಗಲು ಬಿಟ್ಟು ರುಬ್ಬುವುದು ದೊಡ್ಡ ತಪ್ಪು. ಮಂಜಿನ ಹರಳುಗಳು ಕೋಶವನ್ನು ಆಗಲೇ ಸೀಳಿರುತ್ತವೆ. ಕರಗುತ್ತಿದ್ದಂತೆ ಒಳಗಿನ ಆರ್‌ಎನೇಸ್ ಕಿಣ್ವಗಳು ಹೊರಗೆ ನುಗ್ಗಿ ಆರ್‌ಎನ್‌ಎಯನ್ನು ಚೂರು ಮಾಡುತ್ತವೆ. ತಣ್ಣಗಿರುವ ಕಲ್ಲಿನಲ್ಲಿ ದ್ರವ ಸಾರಜನಕ ಸುರಿಯುತ್ತಲೇ ಪುಡಿ ಮಾಡಿ, ಆ ಪುಡಿ ಕರಗುವ ಮುಂಚೆಯೇ ಲೈಸಿಸ್ ದ್ರಾವಣಕ್ಕೆ ಸೇರಿಸಿ. ಮೇದೋಜೀರಕ ಗ್ರಂಥಿಯಲ್ಲಂತೂ ಆರ್‌ಎನೇಸ್ ತುಂಬಿ ತುಳುಕುತ್ತಿರುತ್ತದೆ, ಅಲ್ಲಿ ಒಂದು ಕ್ಷಣವೂ ತಡ ಮಾಡುವ ಹಾಗಿಲ್ಲ.

ಮಾದರಿಯನ್ನು ಕೆಡದಂತೆ ಕಾಯುವ ಉಪ್ಪಿನ ದ್ರಾವಣಗಳೂ ಸಿಗುತ್ತವೆ. ದ್ರವ ಸಾರಜನಕ ಇಲ್ಲದ ಕಡೆ ಅವು ಉಪಯೋಗಕ್ಕೆ ಬರುತ್ತವೆ. ಆದರೆ ಅವು ಒಳಗೆ ಇಳಿಯುವುದು ನಿಧಾನ. ಅರ್ಧ ಸೆಂಟಿಮೀಟರಿಗಿಂತ ದಪ್ಪದ ತುಂಡು ಮುಳುಗಿಸಿದರೆ ಹೊರಪದರ ಉಳಿಯುತ್ತದೆ, ನಡುಭಾಗ ಹಾಳಾಗುತ್ತದೆ. ಎರಡೂ ಕೈಗೆ ಸಿಗುವಂತಿದ್ದರೆ ಸಾರಜನಕವನ್ನೇ ಆರಿಸಿ. ಕನ್ನಡಕ, ದಪ್ಪ ಗ್ಲೌಸ್ ಇಲ್ಲದೆ ಅದರ ಹತ್ತಿರ ಹೋಗಬೇಡಿ.

ಬ್ಯಾಕ್ಟೀರಿಯಾಕ್ಕೆ ಇನ್ನೂ ಅವಸರ ಬೇಕು. ಈಕೋಲೈಯ ಹೆಚ್ಚಿನ ಎಂಆರ್‌ಎನ್‌ಎಗಳ ಆಯಸ್ಸು ನಿಮಿಷಗಳಲ್ಲಿ ಎಣಿಸುವಷ್ಟೇ. ಅವನ್ನು ಸೆಂಟ್ರಿಫ್ಯೂಜ್‌ನಲ್ಲಿ ಹತ್ತು ನಿಮಿಷ ತಿರುಗಿಸಿ ಅಳೆಯುವುದರಲ್ಲಿ ಹುರುಳಿಲ್ಲ. ಐದು ಭಾಗ ಫೀನಾಲ್, ತೊಂಬತ್ತೈದು ಭಾಗ ಎಥನಾಲ್ ಬೆರೆಸಿದ ತಣ್ಣನೆಯ ದ್ರಾವಣಕ್ಕೆ ಕಲ್ಚರನ್ನು ನೇರ ಸುರಿದು, ಆಮೇಲೆ ತಿರುಗಿಸಿ.

ಹಂತ 3: ಆರ್‌ಎನ್‌ಎ ಬೇರ್ಪಡಿಸುವುದು

ಪಿಯೋಟರ್ ಚೊಮ್‌ಚಿನ್‌ಸ್ಕಿ ಮತ್ತು ನಿಕೊಲೆಟ್ಟಾ ಸಾಕ್ಕಿ 1987ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಚೆನ್ನಾಗಿ ನಡೆಯುತ್ತದೆ. 1 ಮಿಲಿ ರೀಏಜೆಂಟಿಗೆ 0.2 ಮಿಲಿ ಕ್ಲೋರೋಫಾರ್ಮ್ ಹಾಕಿ, ಜೋರಾಗಿ ಅಲುಗಾಡಿಸಿ, ಎರಡು ಮೂರು ನಿಮಿಷ ಬಿಟ್ಟು, 4 ಡಿಗ್ರಿಯಲ್ಲಿ 12,000 ಜಿ ವೇಗದಲ್ಲಿ ಹದಿನೈದು ನಿಮಿಷ ತಿರುಗಿಸಿ. ಮೂರು ಪದರ ಕಾಣುತ್ತದೆ. ಆರ್‌ಎನ್‌ಎ ಮೇಲಿನ ತಿಳಿಯಲ್ಲಿದೆ. ದ್ರಾವಣ ಆಮ್ಲೀಯವಾಗಿರುವುದರಿಂದ ಡಿಎನ್‌ಎ ನಡುವಿನ ಬಿಳಿ ಪದರಕ್ಕೂ ಕೆಳಕ್ಕೂ ಹೋಗುತ್ತದೆ.

ಈಗ ಆಸೆ ಬೇಡ. ಟ್ಯೂಬನ್ನು ಓರೆ ಹಿಡಿದು, ಟಿಪ್ಪನ್ನು ಮೇಲ್ಮೈಯಲ್ಲೇ ಇಟ್ಟು ನಿಧಾನಕ್ಕೆ ಎಳೆಯಿರಿ. ಬಿಳಿ ಪದರದ ಮೇಲೆ ಒಂದಿಷ್ಟು ತಿಳಿ ಬಿಟ್ಟೇ ಬಿಡಿ. ಕೊನೆಯ ಹನಿಯನ್ನೂ ಬಿಡಬಾರದೆಂದು ಹೋಗಿ ಬಿಳಿ ಪದರವನ್ನು ಎಳೆದುಕೊಂಡರೆ ಡಿಎನ್‌ಎಯೂ ಫೀನಾಲೂ ಜೊತೆಗೆ ಬರುತ್ತವೆ. ಆಮೇಲೆ ಐಸೊಪ್ರೊಪನಾಲ್, ತಿರುಗಿಸುವುದು, 75 ಪರ್ಸೆಂಟ್ ಎಥನಾಲ್‌ನಲ್ಲಿ ತೊಳೆಯುವುದು, ಅಷ್ಟೇ. ತಳಕ್ಕೆ ಕೂತ ಆರ್‌ಎನ್‌ಎ ಗಟ್ಟಿ (ಪೆಲೆಟ್) ಕಣ್ಣಿಗೆ ಕಾಣದಿರಬಹುದು, ಆದ್ದರಿಂದ ಸೆಂಟ್ರಿಫ್ಯೂಜ್‌ನಲ್ಲಿ ಹೊರಬದಿಗೆ ಇರುವ ಮಗ್ಗುಲಿಗೆ ಮೊದಲೇ ಗುರುತು ಹಾಕಿ. ಪೂರ್ತಿ ಒಣಗಿಸಿದರೆ ಮತ್ತೆ ಕರಗಲು ಸತಾಯಿಸುತ್ತದೆ.

ಆರ್‌ಎನೇಸ್ ಎ ಕಿಣ್ವವನ್ನು ನಾಲ್ಕು ಗಂಧಕದ ಬಂಧಗಳು ಬಿಗಿದು ಹಿಡಿದಿವೆ. ಕುದಿಸಿದರೂ ತಣ್ಣಗಾದ ಮೇಲೆ ಮತ್ತೆ ಕೆಲಸಕ್ಕೆ ಕೂರುತ್ತದೆ. ಆಟೋಕ್ಲೇವ್ ಮಾಡಿದೆ ಎಂದು ನಂಬಿ ಕೂರಬೇಡಿ. ನಮ್ಮ ಚರ್ಮದಲ್ಲೂ ಆರ್‌ಎನೇಸ್ ಇದೆ. ಗ್ಲೌಸ್ ಹಾಕಿಕೊಂಡು ಅದೇ ಕೈಯಲ್ಲಿ ಫೋನು, ಬಾಗಿಲ ಹಿಡಿ ಮುಟ್ಟುವವರಿಗೆ ಗ್ಲೌಸ್ ಇದ್ದೂ ಇಲ್ಲದಂತೆ. ಟೇಬಲ್‌ಗೆ ಹೊಡೆಯುವ ಸ್ಪ್ರೇ ಈ ಅಭ್ಯಾಸಕ್ಕೆ ಮದ್ದಲ್ಲ. ಸೀಲ್ ಒಡೆದ ಟಿಪ್ ಬಾಕ್ಸ್, ಯಾರೋ ಅರ್ಧ ಬಳಸಿಟ್ಟ ನೀರಿನ ಬಾಟಲಿ ಎರಡೂ ಬೇಡ. ನೀರನ್ನು ಸಣ್ಣ ಸಣ್ಣ ಟ್ಯೂಬಿಗೆ ಹಂಚಿಟ್ಟು, ಒಂದನ್ನು ಒಮ್ಮೆ ತೆರೆದರೆ ಉಳಿದದ್ದನ್ನು ಚೆಲ್ಲಿ.

ಒಂದು ಎಚ್ಚರಿಕೆ: ಗ್ವಾನಿಡಿನ್ ಇರುವ ತ್ಯಾಜ್ಯಕ್ಕೆ ಬ್ಲೀಚ್ ಹಾಕಲೇಬೇಡಿ. ವಿಷಾನಿಲ ಬರುತ್ತದೆ.

ಹಂತ 4: ಪರೀಕ್ಷೆ

ಮಾದರಿ 260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಹೀರುವ ಅನುಪಾತ (260/280) 2ರ ಹತ್ತಿರ ಬಂದರೆ ಪ್ರೋಟೀನ್ ಹೆಚ್ಚಿಲ್ಲ ಎಂದರ್ಥ. 260/230 ತೀರಾ ಕೆಳಗಿದ್ದರೆ ಗ್ವಾನಿಡಿನ್ ಉಳಿದಿದೆ, ಮತ್ತೊಮ್ಮೆ ಎಥನಾಲ್‌ನಲ್ಲಿ ತೊಳೆಯಿರಿ. ಆದರೆ ಚೂರುಚೂರಾದ ಆರ್‌ಎನ್‌ಎಯೂ ಇದೇ ಚಂದದ ಅಂಕಿ ಕೊಡುತ್ತದೆ. ಜೆಲ್ ಓಡಿಸಿ. 28ಎಸ್, 18ಎಸ್ ಎಂಬ ರೈಬೋಸೋಮ್ ಆರ್‌ಎನ್‌ಎಯ ಎರಡು ಗೆರೆ ಚೊಕ್ಕವಾಗಿ ಕಾಣಬೇಕು, ಮೇಲಿನದು ಕೆಳಗಿನದರ ಎರಡರಷ್ಟು ಗಾಢವಾಗಿರಬೇಕು. ಕೆಳಗೆ ಮಸಿ ಬಳಿದಂತೆ ಕಂಡರೆ ಆ ಮಾದರಿಯನ್ನು ಬಿಡಿ.

ಹಂತ 5 ಮತ್ತು 6: ಸಿಡಿಎನ್‌ಎ, ಆಮೇಲೆ ಪಿಸಿಆರ್

ಉಳಿದ ಡಿಎನ್‌ಎ ತಿನ್ನುವ ಡಿಎನೇಸ್ ಕಿಣ್ವ ಹಾಕಿ, ಎಲ್ಲಾ ಟ್ಯೂಬಿಗೂ ಒಂದೇ ತೂಕದ ಆರ್‌ಎನ್‌ಎ ತೆಗೆದುಕೊಂಡು, ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್‌ನಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿ. ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ಟ್ಯೂಬನ್ನೂ ಜೊತೆಗಿಡಿ. ಅದರಲ್ಲಿ ಸಿಗ್ನಲ್ ಬಂದರೆ ನೀವು ಅಳೆಯುತ್ತಿರುವುದು ಡಿಎನ್‌ಎಯನ್ನು. ಪ್ರೈಮರ್ ಎರಡು ಎಕ್ಸಾನ್ (ಎಂಆರ್‌ಎನ್‌ಎಯಲ್ಲಿ ಉಳಿಯುವ ಜೀನ್‌ನ ಭಾಗ) ಕೂಡುವ ಜಾಗದಲ್ಲಿ ಕೂರಲಿ. ಸಿಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿದಾಗಲೆಲ್ಲ ಸಿಟಿ (ಸಿಗ್ನಲ್ ಕಾಣಿಸಿಕೊಳ್ಳುವ ಸೈಕಲ್‌ನ ಸಂಖ್ಯೆ) ಸುಮಾರು 3.3 ಏರಬೇಕು. ಪಿಸಿಆರ್ ಮುಗಿದ ಮೇಲೆ ಬಿಸಿ ಮಾಡುತ್ತಾ ನೋಡುವ ಮೆಲ್ಟ್ ಕರ್ವ್‌ನಲ್ಲಿ ಒಂದೇ ಶಿಖರ ಇರಬೇಕು.

ಹಂತ 7: ರೆಫರೆನ್ಸ್ ಜೀನ್ ಮತ್ತು ಲೆಕ್ಕ

ಎರಡನೇ ದೊಡ್ಡ ಎಡವಟ್ಟು ಇಲ್ಲಿದೆ. ರೆಫರೆನ್ಸ್ ಜೀನ್ ಎಂದರೆ ಹೋಲಿಕೆಗೆ ಇಟ್ಟುಕೊಳ್ಳುವ, ಬದಲಾಗದಿರಬೇಕಾದ ಜೀನ್. ಎಲ್ಲರೂ ಬಳಸುತ್ತಾರೆ ಎಂದು ಸುಮ್ನೆ ಜಿಎಪಿಡಿಎಚ್ ಹಾಕಿಬಿಡುತ್ತಾರೆ. ಅದು ಗ್ಲೂಕೋಸ್ ಒಡೆಯುವ ಕಿಣ್ವದ ಜೀನ್. ಆಮ್ಲಜನಕ ಕಡಿಮೆಯಾದರೆ ಎಷ್ಟೋ ಕೋಶಗಳಲ್ಲಿ ಅದೇ ಏರುತ್ತದೆ. ಬೀಟಾ ಆಕ್ಟಿನ್ ಸೀರಮ್‌ಗೆ ಸ್ಪಂದಿಸುತ್ತದೆ. ನೀವು ಬದಲಿಸುತ್ತಿರುವ ಪರಿಸ್ಥಿತಿಗೆ ಅಲ್ಲಾಡದ ಜೀನ್ ಯಾವುದು ಎಂದು ಮೊದಲೇ ನೋಡಿಕೊಳ್ಳಬೇಕು.

ಒಂದು ಲೆಕ್ಕ ನೋಡಿ. ಕಂಟ್ರೋಲ್‌ನಲ್ಲಿ ನಿಮ್ಮ ಜೀನ್‌ನ ಸಿಟಿ 25, ರೆಫರೆನ್ಸ್ 18. ವ್ಯತ್ಯಾಸ 7. ಔಷಧ ಹಾಕಿದ್ದರಲ್ಲಿ ನಿಮ್ಮ ಜೀನ್ 22, ರೆಫರೆನ್ಸ್ 18. ವ್ಯತ್ಯಾಸ 4. ಏಳರಿಂದ ನಾಲ್ಕಕ್ಕೆ, ಮೂರು ಸೈಕಲ್. ಪ್ರತಿ ಸೈಕಲ್‌ಗೂ ದುಪ್ಪಟ್ಟು, ಆದ್ದರಿಂದ ಜೀನ್ 8 ಪಟ್ಟು ಏರಿದೆ. ಈಗ ಔಷಧದಿಂದ ರೆಫರೆನ್ಸ್ ಜೀನೇ ಏರಿ, ಅದರ ಸಿಟಿ 18ರ ಬದಲು 17 ಆಯಿತು ಎನ್ನಿ. ವ್ಯತ್ಯಾಸ 5 ಆಗುತ್ತದೆ, ಉತ್ತರ 4 ಪಟ್ಟಿಗೆ ಇಳಿಯುತ್ತದೆ. ನಿಮ್ಮ ಜೀನ್‌ನ ಸಿಟಿ 22 ಎಳ್ಳಷ್ಟೂ ಬದಲಾಗಿಲ್ಲ, ಆದರೂ ಫಲಿತಾಂಶ ಅರ್ಧವಾಯಿತು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ರೆಫರೆನ್ಸ್ ಜೀನ್ ಇಡಿ. ಒಂದೇ ಒಂದರ ಮೇಲೆ ನಿಂತ ಗ್ರಾಫನ್ನು ನಾನು ನಂಬುವುದಿಲ್ಲ.

ಹಂತ 8: ಏರಿದ್ದು ಯಾಕೆ?

ಎಂಆರ್‌ಎನ್‌ಎ ಜಾಸ್ತಿಯಾಗಿದೆ ಎಂದ ಮಾತ್ರಕ್ಕೆ ಕೋಶ ಆ ಜೀನನ್ನು ಜಾಸ್ತಿ ಓದುತ್ತಿದೆ ಎಂದು ಬರೆಯಬೇಡಿ. ಓದುವ ವೇಗ ಅಷ್ಟೇ ಇದ್ದು, ಅಳಿಯುವುದು ನಿಧಾನವಾದರೂ ಪ್ರಮಾಣ ಏರುತ್ತದೆ. ಮೈಕ್ರೋಆರ್‌ಎನ್‌ಎ ಎಂಬ ಪುಟ್ಟ ಆರ್‌ಎನ್‌ಎಗಳು ಹೆಚ್ಚಾಗಿ ಕೆಲಸ ಮಾಡುವುದು ಈ ಅಳಿಯುವ ಕಡೆಯಲ್ಲೇ. ಪ್ರೋಟೀನ್ ಪ್ರಮಾಣವಂತೂ ಬೇರೆಯೇ ವಿಚಾರ. ಅದನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ ಪ್ರತ್ಯೇಕವಾಗಿ ನೋಡಬೇಕು.

ಹೊಸದಾಗಿ ಓದುತ್ತಿದೆಯೇ ಎಂದು ತಿಳಿಯಲು ಇಂಟ್ರಾನ್ ಒಳಗೆ ಕೂರುವ ಪ್ರೈಮರ್ ಬಳಸಿ. ಇಂಟ್ರಾನ್ ಎಂದರೆ ಎಂಆರ್‌ಎನ್‌ಎ ಸಿದ್ಧವಾಗುವಾಗ ಕತ್ತರಿಸಿ ತೆಗೆಯುವ ಭಾಗ; ಅದು ಇರುವುದು ಇನ್ನೂ ಕತ್ತರಿಸಿ ಜೋಡಿಸದ ತಾಜಾ ನಕಲಿನಲ್ಲಿ. ಇಂಟ್ರಾನ್ ಡಿಎನ್‌ಎಯಲ್ಲೂ ಇರುವುದರಿಂದ ಇಲ್ಲಿ ಡಿಎನೇಸ್ ಬಿಟ್ಟರೆ ಎಲ್ಲವೂ ಹಾಳು. ಅಳಿಯುವ ವೇಗ ಬೇಕಿದ್ದರೆ ಆಕ್ಟಿನೊಮೈಸಿನ್ ಡಿ ಹಾಕಿ ಓದುವುದನ್ನು ನಿಲ್ಲಿಸಿ, 0, 30, 60, 120 ನಿಮಿಷಕ್ಕೆ ಡಿಶ್ ತೆಗೆದು ಎಷ್ಟು ಉಳಿದಿದೆ ಎಂದು ನೋಡಿ. ಆಕ್ಟಿನೊಮೈಸಿನ್ ಡಿ ವಿಷ, ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಬೆಳಕಿಗೆ ಕೆಡುತ್ತದೆ, ಟ್ಯೂಬಿಗೆ ಫಾಯಿಲ್ ಸುತ್ತಿ. ಈ ಪ್ರಯೋಗದಲ್ಲಿ ಮಾಮೂಲಿ ರೆಫರೆನ್ಸ್ ಜೀನ್‌ಗಳ ಎಂಆರ್‌ಎನ್‌ಎಯೂ ಕರಗುತ್ತಾ ಹೋಗುತ್ತದೆ. ಆದ್ದರಿಂದ ಇಲ್ಲಿ ಮಾತ್ರ 18ಎಸ್ ಆರ್‌ಎನ್‌ಎಯನ್ನು ರೆಫರೆನ್ಸ್ ಆಗಿ ಇಟ್ಟುಕೊಳ್ಳಿ, ಮತ್ತು ಸಿಡಿಎನ್‌ಎ ಮಾಡುವಾಗ ಓಲಿಗೊ ಡಿಟಿ ಬದಲು ರ್‍ಯಾಂಡಮ್ ಪ್ರೈಮರ್ ಹಾಕಿ. 18ಎಸ್‌ಗೆ ಪಾಲಿ-ಎ ಬಾಲ ಇಲ್ಲ, ಆ ಬಾಲವನ್ನೇ ಹಿಡಿಯುವ ಓಲಿಗೊ ಡಿಟಿ ಇದನ್ನು ಹಿಡಿಯುವುದಿಲ್ಲ.