ಕವಿಯ ಕಾಗದಗಳನ್ನು ಹೊಂದಿಸಿ ಇಡಬೇಡಿ: ನನ್ನ ಅನುಭವ

ಕವಿಯೊಬ್ಬರು ತೀರಿಕೊಂಡ ಮೇಲೆ ಅವರ ಕಾಗದಪತ್ರಗಳನ್ನು ಗ್ರಂಥಾಲಯಕ್ಕೆ ಕೊಡಲು ಮನೆಯವರು ಒಪ್ಪಿದರೆ, ನಾನು ಮೊದಲು ಕೇಳಿಕೊಳ್ಳುವುದು ಒಂದೇ ಮಾತು. ದಯವಿಟ್ಟು ಏನನ್ನೂ ಹೊಂದಿಸಬೇಡಿ. ಎಷ್ಟೋ ಮನೆಯವರಿಗೆ ಇದು ವಿಚಿತ್ರ ಅನಿಸುತ್ತದೆ. ಯಾರಿಗಾದರೂ ಏನಾದರೂ ಕೊಡುವಾಗ ಧೂಳು ಒರೆಸಿ, ಚಂದ ಮಾಡಿ ಕೊಡುವುದು ನಮ್ಮ ಕಡೆಯ ರೂಢಿ, ಅಲ್ವಾ? ನಾನು ಈಗ ಹೇಳಹೊರಟ ಮನೆಯಲ್ಲೂ ಹಾಗೇ ಆಯಿತು. ಕವಿಗಳ ಸೊಸೆ ಫೋನ್ ಮಾಡಿ, "ಅಕ್ಕಾರ, ಸ್ವಲ್ಪ ದಿನಾ ತಡೀರಿ, ಎಲ್ಲಾ ವರ್ಷದ ಪ್ರಕಾರ ಜೋಡಿಸಿ ಇಡ್ತೀನಿ, ಆಮ್ಯಾಲೆ ಬರ್ರಿ" ಅಂದರು. "ಬ್ಯಾಡ್ರಿ ವೈನಿ, ಹೆಂಗದಾವೋ ಹಂಗ ಇರ್ಲಿ, ನಾವೇ ನಾಳೆ ಬರ್ತೀವಿ" ಅಂದೆ.

ನಾನು ಕೆಲಸ ಮಾಡುವ ಗ್ರಂಥಾಲಯ ಧಾರವಾಡದಲ್ಲಿದೆ. ಕವಿಗಳು ರೋಣ ತಾಲೂಕಿನ ಕಡೆಯವರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ನಿವೃತ್ತರಾದ ಮೇಲೆ ಧಾರವಾಡಕ್ಕೆ ಬಂದು ನೆಲೆಸಿದವರು. ಮನೆಯವರು ಹೆಸರು ಬರೆಯುವುದು ಬೇಡ ಅಂದಿದ್ದಾರೆ. ಹೀಗಾಗಿ ಕವಿಗಳು ಅಂತಲೇ ಬರೆಯುತ್ತೇನೆ. ಅವರು ಬಿಟ್ಟುಹೋದದ್ದು ತಗಡಿನ ಟ್ರಂಕುಗಳಲ್ಲಿ, ಗೋಡೆಯ ಕಪಾಟಿನಲ್ಲಿ, ಅಟ್ಟದ ಮೇಲಿನ ಚೀಲಗಳಲ್ಲಿ ಇತ್ತು. ಕಾಪಿ ಬುಕ್ಕುಗಳು, ಬಿಡಿ ಹಾಳೆಗಳು, ಪತ್ರಿಕೆಯ ತುಣುಕುಗಳು, ಕರಡಚ್ಚುಗಳು, ರಾಶಿಗಟ್ಟಲೆ ಪತ್ರಗಳು.

ಹೊಂದಿಸಬೇಡಿ ಅನ್ನುವುದಕ್ಕೆ ಕಾರಣ ಇದೆ. ಕಪಾಟಿನಲ್ಲಿ ದಾರ ಕಟ್ಟಿದ ಒಂದು ಕಟ್ಟು ಸಿಕ್ಕಿತು. ಅದರ ತಳದಲ್ಲಿ ಒಂದು ಕವಿತೆಯ ಮೊದಲ ಬರಹ. ತುಂಬಾ ಹೊಡೆದು ತಿದ್ದಿದ್ದು. ಅದರ ಮೇಲೆ ಒಂದು ಪೋಸ್ಟ್‌ಕಾರ್ಡು. ಮಾಸಪತ್ರಿಕೆಯೊಂದರ ಸಂಪಾದಕರು ಬರೆದದ್ದು. ಕೊನೆಯ ಪದ್ಯ ಎಲ್ಲವನ್ನೂ ಬಿಡಿಸಿ ಹೇಳಿಬಿಡುತ್ತದೆ, ಅದನ್ನು ಕೈಬಿಟ್ಟರೆ ಹೇಗೆ ಅಂತ ಕೇಳಿದ್ದಾರೆ. ಅದರ ಮೇಲೆ ಸ್ವಚ್ಛ ಪ್ರತಿ. ಅದರಲ್ಲಿ ಕೊನೆಯ ಪದ್ಯ ಇಲ್ಲ. ಎಲ್ಲಕ್ಕಿಂತ ಮೇಲೆ, ಎಷ್ಟೋ ವರ್ಷ ಆದಮೇಲೆ ಬಂದ ಸಂಕಲನದ ಕರಡಚ್ಚು. ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಆ ಪದ್ಯವನ್ನು ಮತ್ತೆ ಬರೆದು, ಬಾಣದ ಗುರುತು ಹಾಕಿ ಒಳಗೆ ಸೇರಿಸಿದ್ದಾರೆ! ಸಂಪಾದಕರ ಮಾತು ಒಪ್ಪಿದ್ದು, ಆಮೇಲೆ ಮನಸ್ಸು ಬದಲಿಸಿದ್ದು, ಎಲ್ಲ ಆ ಒಂದು ಕಟ್ಟಿನಲ್ಲಿತ್ತು. ವೈನಿಯವರು ಪ್ರೀತಿಯಿಂದ ಪತ್ರಗಳನ್ನೆಲ್ಲ ಒಂದು ಕಡೆ, ಕವಿತೆಗಳನ್ನೆಲ್ಲ ಇನ್ನೊಂದು ಕಡೆ ಇಟ್ಟಿದ್ದರೆ ಆ ಪೋಸ್ಟ್‌ಕಾರ್ಡು ಯಾವ ಕವಿತೆಯ ಬಗ್ಗೆ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕಾರ್ಡಿನಲ್ಲಿ ಕವಿತೆಯ ಹೆಸರೇ ಇಲ್ಲ.

ಅದಕ್ಕೇ ನಾವು ಏನನ್ನೂ ಎತ್ತುವ ಮೊದಲು ಫೋಟೋ ತೆಗೆಯುತ್ತೇವೆ. ಟ್ರಂಕು ತೆರೆದ ಕೂಡಲೇ ಒಂದು, ಮೇಲಿನ ಪದರ ತೆಗೆದ ಮೇಲೆ ಇನ್ನೊಂದು, ಹೀಗೆ ತಳದವರೆಗೆ. ಪ್ರತಿ ಕಟ್ಟಿಗೂ ಒಂದು ಚೀಟಿ: ಎಲ್ಲಿತ್ತು, ಯಾವುದರ ಕೆಳಗಿತ್ತು, ಯಾವುದರ ಜೊತೆ ಪಿನ್ನು ಹಾಕಿತ್ತು. ಸಂಖ್ಯೆ ಬರೆಯುವುದು ಮೆತ್ತನೆಯ ಪೆನ್ಸಿಲ್‌ನಲ್ಲಿ, ಹಾಳೆಯ ಹಿಂಬದಿಯ ಮೂಲೆಯಲ್ಲಿ, ಸಣ್ಣದಾಗಿ. ಪೆನ್ನು, ರಬ್ಬರ್ ಸ್ಟ್ಯಾಂಪು ಈ ಮೇಜಿನ ಹತ್ತಿರ ಬರಲೇಬಾರದು.

ದಿನಾಂಕ ಹಿಡಿಯುವ ಕೆಲಸ ನನಗೆ ತುಂಬಾ ಇಷ್ಟ. ಕವಿಗಳು ಕವಿತೆಯ ಕೆಳಗೆ ತಾರೀಖು ಹಾಕುವುದು ಕಡಿಮೆ. ಹಾಕಿದರೂ "ಶ್ರಾವಣ, ಸೋಮವಾರ" ಅಂತ ಬರೆದು ಬಿಟ್ಟಿರುತ್ತಾರೆ. ಆದರೆ ಕಾಗದವೇ ಎಷ್ಟೋ ಹೇಳುತ್ತದೆ. ಮೇಷ್ಟ್ರ ಸಂಬಳದಲ್ಲಿ ಬಿಳಿ ಹಾಳೆ ದುಬಾರಿಯೇ. ಹಾಗಾಗಿ ಲಗ್ನಪತ್ರಿಕೆಯ ಹಿಂದೆ, ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಿಂದೆ, ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿದ್ದಾರೆ. ಲಗ್ನದ ತಾರೀಖು ಮುಂದಿನ ಪುಟದಲ್ಲೇ ಅಚ್ಚಾಗಿರುತ್ತದೆ. ಆ ಲಗ್ನಪತ್ರಿಕೆ ಅಚ್ಚಾಗುವ ಮೊದಲು ಆ ಕವಿತೆ ಅದರ ಮೇಲೆ ಬಂದಿರಲು ಸಾಧ್ಯವಿಲ್ಲ. ಆಕಾಶವಾಣಿಯ ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ಕವಿತಾ ವಾಚನಕ್ಕೆ ಕರೆದ ಅದರ ಪತ್ರಗಳ ಹಿಂದೆಯೂ ಕವಿತೆಗಳಿವೆ. ಹಾಳೆಯ ಎರಡೂ ಬದಿ ಸ್ಕ್ಯಾನ್ ಮಾಡಲೇಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ. ಹಿಂಬದಿಯನ್ನು ಖಾಲಿ ಅಂತ ಅಥವಾ ರದ್ದಿ ಅಂತ ಬಿಟ್ಟರೆ ತಾರೀಖು ಹೋಯಿತು.

ಪತ್ರಗಳಲ್ಲಿ ಅಂಚೆಯ ಮುದ್ರೆ ಇದ್ದರೆ ಸರಿ. ಎಷ್ಟೋ ಕಡೆ ಅದು ಮಸುಕಾಗಿ ಓದಲು ಬರುವುದಿಲ್ಲ. ಆಗ ವಿಳಾಸ ನೋಡುತ್ತೇನೆ. ವಿಳಾಸದಲ್ಲಿ ಆರು ಅಂಕಿಯ ಪಿನ್ ಕೋಡ್ ಇದ್ದರೆ ಅದು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಪಿನ್ ಕೋಡ್ ಬಂದದ್ದೇ ಆ ದಿನ. "ಮೈಸೂರು ರಾಜ್ಯ" ಅಂತಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗಿಂತ ಮುಂಚಿನದು. ರೋಣ ತಾಲೂಕು, ಧಾರವಾಡ ಜಿಲ್ಲೆ ಅಂತಿದ್ದರೆ 1997ಕ್ಕೆ ಮುಂಚೆ, ಯಾಕೆಂದರೆ ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು ಆ ವರ್ಷ. ಹಳೆಯ ಜನ ಆಮೇಲೂ ರೂಢಿಯಂತೆ ಬರೆದಿರಬಹುದು, ಅದನ್ನು ನೆನಪಿಡಬೇಕು. ಅಂಚೆ ಚೀಟಿಯ ಮೇಲೆ ಆಣೆ ಇದೆಯೋ, ನಯೇ ಪೈಸೆ ಇದೆಯೋ ನೋಡಬೇಕು. ನಯೇ ಪೈಸೆ ಚಾಲ್ತಿಗೆ ಬಂದದ್ದು 1957ರ ಏಪ್ರಿಲ್‌ನಲ್ಲಿ. 1964ರಲ್ಲಿ "ನಯೇ" ಅನ್ನುವುದನ್ನು ಕೈಬಿಟ್ಟರು. ಕಾರ್ಡು ಬಿಟ್ಟು ಉಳಿದ ಪತ್ರಗಳ ಮೇಲೆ ನಿರಾಶ್ರಿತರ ಪರಿಹಾರದ ಐದು ಪೈಸೆಯ ಚೀಟಿ ಇದ್ದರಂತೂ ನನಗೆ ಖುಷಿ. ಬಾಂಗ್ಲಾ ನಿರಾಶ್ರಿತರಿಗಾಗಿ ಅದು 1971ರ ಕೊನೆಗೆ ಬಂದು 1973ರಲ್ಲಿ ನಿಂತುಹೋಯಿತು.

ಇನ್ನು ಸಂವತ್ಸರ. ಯುಗಾದಿಯ ಶುಭಾಶಯ ಬರೆದವರು "ವಿಕಾರಿ ಸಂವತ್ಸರ" ಅಂತ ಬರೆದಿದ್ದರೆ ಅದು 1959-60 ಅಥವಾ 2019-20. ಅರವತ್ತು ವರ್ಷದ ಅಂತರ, ಹಾಗಾಗಿ ಗೊಂದಲ ಆಗುವುದಿಲ್ಲ. ಕವಿಗಳ ತಂದೆಯ ಕಾಲದ ಕೆಲವು ಪತ್ರಗಳು ಮೋಡಿ ಲಿಪಿಯಲ್ಲಿವೆ, ಅಂದರೆ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಕೂಡುಬರಹದಲ್ಲಿ. ಮುಂಬೈ ಪ್ರಾಂತದ ಆಡಳಿತ ಇದ್ದ ನಮ್ಮ ಕಡೆ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಮೋಡಿ ಓದುವವರು ಈಗ ಬೆರಳೆಣಿಕೆ. ಓದಲು ಬರುವುದಿಲ್ಲ ಅಂತ ಅವನ್ನು ಬದಿಗೆ ತಳ್ಳಲಿಲ್ಲ, ಇದ್ದ ಜಾಗದಲ್ಲೇ ಪಟ್ಟಿ ಮಾಡಿದ್ದೇವೆ.

ಹೀಗೆ ಊಹಿಸಿದ ತಾರೀಖನ್ನು ಪಟ್ಟಿಯಲ್ಲಿ ಚೌಕ ಕಂಸದಲ್ಲಿ ಹಾಕಿ, ಯಾವ ಆಧಾರದ ಮೇಲೆ ಅಂತ ಒಂದು ಸಾಲು ಬರೆಯುತ್ತೇವೆ. ಮುಂದೆ ಯಾರಾದರೂ ನಮ್ಮ ಊಹೆಯನ್ನು ತಿದ್ದಬೇಕಾದರೆ ಆ ಸಾಲು ಬೇಕು.

ಈಗ ಕಾಗದದ ಆರೋಗ್ಯದ ಮಾತು. ಕಬ್ಬಿಣದ ಗುಂಡುಪಿನ್ನು ತುಕ್ಕು ಹಿಡಿದು ಹಾಳೆಯನ್ನು ತಿನ್ನುತ್ತದೆ. ಅದನ್ನು ಎಳೆದು ತೆಗೆಯಬಾರದು. ಪಿನ್ನಿನ ಕೆಳಗೆ ತೆಳುವಾದ ಪಾಲಿಯೆಸ್ಟರ್ ಪಟ್ಟಿ ತೂರಿಸಿ, ಹಾಳೆಗೆ ಪೆಟ್ಟಾಗದ ಹಾಗೆ ನಿಧಾನವಾಗಿ ಬಿಡಿಸಬೇಕು. ಆ ಹಾಳೆಗಳನ್ನು ಒಂದು ಮಡಿಸಿದ ಕಾಗದದೊಳಗೆ ಒಟ್ಟಿಗೇ ಇಡಬೇಕು. ರಬ್ಬರ್ ಬ್ಯಾಂಡು ಕರಗಿ ಅಂಟಿಕೊಂಡಿದ್ದರೆ ಒಣಗಿದ ಭಾಗವನ್ನು ಮಾತ್ರ ಎತ್ತುತ್ತೇವೆ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಕೆಲವು ವರ್ಷಕ್ಕೆ ಪಟ್ಟಿ ಉದುರಿಹೋಗುತ್ತದೆ, ಅದರ ಅಂಟು ಮಾತ್ರ ಹಳದಿ ಕಲೆಯಾಗಿ ಕಾಗದದೊಳಗೆ ಉಳಿಯುತ್ತದೆ. ನಾವು ಬಳಸುವುದು ಜಪಾನಿ ತೆಳು ಕಾಗದ, ಗೋಧಿ ಪಿಷ್ಟದ ಅಂಟು. ಬೇಕೆಂದರೆ ನೀರು ತಾಗಿಸಿ ಮತ್ತೆ ಬಿಡಿಸಬಹುದು.

ಲ್ಯಾಮಿನೇಶನ್ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ಈ ಸಂಗ್ರಹದಲ್ಲಿ ದೊಡ್ಡ ಸಾಹಿತಿಗಳು ಬರೆದ ಕೆಲವು ಪತ್ರಗಳನ್ನು ಹಿಂದೊಮ್ಮೆ ಯಾರೋ ಅಂಗಡಿಯಲ್ಲಿ ಲ್ಯಾಮಿನೇಟ್ ಮಾಡಿಸಿ ತಂದಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿನೊಳಗೇ ಇಳಿದಿದೆ. ಒಳಗಿನ ಆಮ್ಲ ಒಳಗೇ ಉಳಿದು ಕಾಗದ ಕಂದಾಗುತ್ತಿದೆ. ಅದನ್ನು ಬಿಡಿಸುವ ದಾರಿ ನಮ್ಮ ಕೈಯಲ್ಲಿಲ್ಲ. ಚೆನ್ನಾಗಿ ಸ್ಕ್ಯಾನ್ ಮಾಡಿ, ತಂಪು ಕತ್ತಲೆಯಲ್ಲಿ ಇಡುವುದಷ್ಟೇ ಸಾಧ್ಯ. ಅತಿ ಬೆಲೆಬಾಳುವ ಪತ್ರಗಳಿಗೇ ಹೀಗಾಗುತ್ತದೆ, ಯಾಕೆಂದರೆ ಸುಮ್ನೆ ಬಿದ್ದಿರುವ ಪತ್ರಕ್ಕೆ ಯಾರೂ ದುಡ್ಡು ಹಾಕುವುದಿಲ್ಲ.

ಶಾಯಿಯ ಬಗ್ಗೆ ಒಂದು ಮಾತು. ಫೌಂಟನ್ ಪೆನ್ನಿನ ನೀಲಿ ಶಾಯಿ ನೀರು ಬಿದ್ದರೆ ಹರಡಿಬಿಡುತ್ತದೆ. ಮಡಿಕೆ ಬಿಡಿಸಲು ಕಾಗದಕ್ಕೆ ತೇವ ಕೊಡುವ ಪದ್ಧತಿ ಇದೆ. ಇಂಥ ಹಾಳೆಗಳಿಗೆ ನಾವು ಅದನ್ನು ಮಾಡಲಿಲ್ಲ. ಒಣಗಿದ ಹಾಗೇ ಬಿಡಿಸಿ, ಎರಡು ರಟ್ಟಿನ ನಡುವೆ ಇಟ್ಟು, ಮೇಲೆ ಭಾರ ಹೇರಿದೆವು. ನಿಧಾನ, ಆದರೆ ಅಕ್ಷರ ಉಳಿಯುತ್ತವೆ.

ಧಾರವಾಡದ ಮಳೆಗಾಲ ನಿಮಗೆ ಗೊತ್ತೇ ಇದೆ. ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಬಿಡುವುದಿಲ್ಲ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಹಾಗೇ ನಿಂತರೆ ಬೂಷ್ಟು ಬರಲು ಶುರು. ಅದಕ್ಕೆ ಮೊದಲ ಮಹಡಿಯ ನಡುವಿನ ಕೋಣೆ ಆರಿಸಿಕೊಂಡೆವು. ಪಡುವಣ ಗೋಡೆಗೆ ಮಳೆಯ ಹೊಡೆತ ಜಾಸ್ತಿ, ಅಲ್ಲಿ ಏನನ್ನೂ ಇಡುವುದಿಲ್ಲ. ಕಪಾಟುಗಳು ಗೋಡೆಯಿಂದ ಒಂದು ಗೇಣು ದೂರ, ನೆಲದಿಂದಲೂ ಎತ್ತರ. ಒರಲಿ ಹತ್ತಿದರೆ ಮಣ್ಣಿನ ಗೆರೆ ಕಣ್ಣಿಗೆ ಬೀಳಬೇಕು, ಅದೇ ಕಾರಣ. ಬೂಷ್ಟು ಬಂದ ಹಾಳೆಗಳನ್ನು ಬೇರೆ ಕೋಣೆಗೆ ಒಯ್ದು, ಚೆನ್ನಾಗಿ ಒಣಗಿಸಿ, ಮಾಸ್ಕ್ ಹಾಕಿಕೊಂಡು ಮೆತ್ತನೆಯ ಬ್ರಷ್‌ನಿಂದ ತೆಗೆದೆವು. ಡಾಂಬರು ಗುಳಿಗೆ ಹಾಕುವುದಿಲ್ಲ. ಅದರ ವಾಸನೆ ಓದುವವರಿಗೂ ಕೆಟ್ಟದ್ದು, ನಮಗೂ ಕೆಟ್ಟದ್ದು. ಹುಳು ಹಿಡಿದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 20 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರಕ್ಕೂ ಜಾಸ್ತಿ ಇಟ್ಟೆವು. ಹೊರಗೆ ತೆಗೆದ ಮೇಲೆ ಚೀಲ ಕೂಡಲೇ ಬಿಚ್ಚಬಾರದು. ಅದು ಕೋಣೆಯ ಶಾಖಕ್ಕೆ ಬರುವವರೆಗೆ ಕಾಯಬೇಕು. ಇಲ್ಲದಿದ್ದರೆ ಕಾಗದದ ಮೇಲೆ ನೀರಿನ ಹನಿ ಕೂರುತ್ತದೆ.

ಆಮ್ಲ ಇಲ್ಲದ ರಟ್ಟಿನ ಪೆಟ್ಟಿಗೆಗಳು ದುಬಾರಿ. ಕೈಬರಹಕ್ಕೆಲ್ಲ ಅವನ್ನೇ ಬಳಸಿದೆವು. ಪುಸ್ತಕ, ಪತ್ರಿಕೆಗಳಿಗೆ ಹುಬ್ಬಳ್ಳಿ ಬೆಂಗೇರಿಯಿಂದ ಬಣ್ಣ ಹಾಕದ ಖಾದಿ ತಂದು ಸುತ್ತಿದೆವು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಹುಳುಗಳಿಗೆ ಊಟ. ಬಿಸಿನೀರಿನಲ್ಲಿ ಚೆನ್ನಾಗಿ ಒಗೆದು ಒಣಗಿಸಿದ ಮೇಲೆಯೇ ಬಳಸಬೇಕು.

ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 400 ಡಿಪಿಐ (ಇಂಚಿಗೆ 400 ಚುಕ್ಕೆ), ಬಣ್ಣದಲ್ಲಿ, ಟಿಫ್ ಅನ್ನುವ ದೊಡ್ಡ ಕಡತದ ರೂಪದಲ್ಲಿ ಮೂಲ ಪ್ರತಿ. ಓದುಗರಿಗೆ ಜೆಪೆಗ್. ಮೂರು ಪ್ರತಿಗಳು, ಅದರಲ್ಲಿ ಒಂದು ಬೇರೆ ಊರಲ್ಲಿ. ಕಷ್ಟ ಕೊಟ್ಟದ್ದು ಕವಿಗಳ ಕೊನೆಯ ವರ್ಷಗಳ ಫ್ಲಾಪಿಗಳು. ಡಿಟಿಪಿಯವರು "ನುಡಿ" ಅನ್ನುವ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡಿದ್ದು, ಇವತ್ತಿನ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಸ. ಯೂನಿಕೋಡ್‌ಗೆ ಬದಲಾಯಿಸಿದರೂ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಅದಕ್ಕೆ ಮೂಲ ಕಡತ, ಬದಲಾಯಿಸಿದ ಕಡತ ಎರಡನ್ನೂ ಇಟ್ಟು, ಅಚ್ಚಾದ ಪುಸ್ತಕದ ಜೊತೆ ಒಂದೊಂದೇ ಸಾಲು ತಾಳೆ ನೋಡುತ್ತಿದ್ದೇವೆ.

ಪತ್ರಗಳ ವಿಷಯ ನಾಜೂಕು. ಪತ್ರದ ಕಾಗದ ಪಡೆದವರದು, ಆದರೆ ಅದರಲ್ಲಿನ ಬರಹದ ಹಕ್ಕು ಬರೆದವರದು. ನಮ್ಮ ಕಾಯ್ದೆಯ ಪ್ರಕಾರ, ಬರೆದವರು ಬದುಕಿದ್ದಾಗಲೇ ಪ್ರಕಟವಾದ ಬರಹಕ್ಕೆ ಸಾಮಾನ್ಯವಾಗಿ ಅವರು ತೀರಿಕೊಂಡು 60 ವರ್ಷದವರೆಗೆ, ಅವರು ತೀರಿಕೊಂಡ ಮೇಲೆ ಮೊದಲ ಸಲ ಪ್ರಕಟವಾದದ್ದಕ್ಕೆ ಪ್ರಕಟವಾಗಿ 60 ವರ್ಷದವರೆಗೆ. ಓದಲು ಕೊಡುತ್ತೇವೆ, ಪ್ರಕಟಿಸಬೇಕಾದರೆ ಅವರ ವಾರಸುದಾರರನ್ನು ಕೇಳಿ ಅನ್ನುತ್ತೇವೆ. ಕವಿಗಳ ಹೆಂಡತಿಗೆ ಇನ್ನೊಂದು ಚಿಂತೆ. "ಕಾಯ್ದೆ ನನಗ್ಯಾಕ, ಆ ಕಾಗದಾ ಬರದಾಕಿ ಇನ್ನೂ ಅದಾಳ. ಆಕಿ ಸಂಸಾರದ ಮಾತದು" ಅಂದರು ಅಜ್ಜಿ. ಸುಟ್ಟುಬಿಡೋಣ ಅನ್ನುವ ಮಾತೂ ಬಂತು. ನಾವು ಕೂತು ಮಾತಾಡಿದೆವು. ಅಂಥ ಪತ್ರಗಳನ್ನು ಲಕೋಟೆಯಲ್ಲಿ ಮುಚ್ಚಿ, ಅವರು ಹೇಳಿದ ಅವಧಿಯವರೆಗೆ ನಾವೂ ತೆರೆಯುವುದಿಲ್ಲ ಅಂತ ಒಪ್ಪಂದಪತ್ರದಲ್ಲಿ ಬರೆದುಕೊಟ್ಟೆವು. ಪಟ್ಟಿಯಲ್ಲಿ "ಖಾಸಗಿ ಪತ್ರಗಳು, ಮುಚ್ಚಿದೆ" ಅಂತಷ್ಟೇ ಇದೆ. ಯಾರೇ ದೊಡ್ಡವರು ಬಂದು ಕೇಳಿದರೂ ಆ ಲಕೋಟೆ ಬಿಚ್ಚುವುದಿಲ್ಲ. ಆ ನಂಬಿಕೆ ಮುರಿದರೆ ಮುಂದಿನ ಮನೆಯವರು ಯಾಕೆ ಕೊಡುತ್ತಾರೆ?

ಈಗ ಉಳಿದಿರುವ ದೊಡ್ಡ ಕೆಲಸ ಬೇರೆ. ಟ್ರಂಕಿನಲ್ಲಿ ಸಿಗುವುದು ಕವಿಗಳಿಗೆ ಬಂದ ಪತ್ರಗಳು. ಅವರು ಬರೆದ ಪತ್ರಗಳು ಬೇರೆಯವರ ಮನೆಯಲ್ಲಿವೆ. ಶಾಲೆಯ ವ್ಯವಹಾರದ ಪತ್ರಗಳಿಗೆ ಮಾತ್ರ ಕಾರ್ಬನ್ ಪ್ರತಿ ಇಟ್ಟಿದ್ದಾರೆ, ಗೆಳೆಯರಿಗೆ ಬರೆದದ್ದಕ್ಕಿಲ್ಲ. ಧಾರವಾಡದಲ್ಲಿ 1890ರಿಂದ ವಿದ್ಯಾವರ್ಧಕ ಸಂಘ ಇದೆ, 1933ರಿಂದ ಮನೋಹರ ಗ್ರಂಥಮಾಲೆ ಇದೆ. ಇಲ್ಲಿನ ಬರಹಗಾರರು ಪತ್ರ ಬರೆದೇ ಸಾಹಿತ್ಯ ಬೆಳೆಸಿದವರು. ಆದರೆ ಬೇಂದ್ರೆಯವರು ಹೋಗಿದ್ದೇ 1981ರಲ್ಲಿ. ಆ ತಲೆಮಾರಿನ ಪತ್ರಗಳು ಈಗ ಮೊಮ್ಮಕ್ಕಳ ಮನೆಗಳಲ್ಲಿವೆ. ಮನೆ ಕಟ್ಟಿಸುವಾಗ, ಸುಣ್ಣ ಬಣ್ಣ ಮಾಡಿಸುವಾಗ ರದ್ದಿಗೆ ಹೋಗುತ್ತಿವೆ.

ಅದಕ್ಕೆ ಬಂದ ಪತ್ರಗಳಿಂದಲೇ ಹೆಸರು, ಊರಿನ ಪಟ್ಟಿ ಮಾಡಿಕೊಂಡು ಮನೆಮನೆಗೆ ಹೋಗುತ್ತಿದ್ದೇವೆ. ಹಾವೇರಿಯ ಒಂದು ಮನೆಯವರು ಮೂಲ ಪತ್ರ ಕೊಡಲು ಒಪ್ಪಲಿಲ್ಲ. ಒತ್ತಾಯ ಮಾಡಲಿಲ್ಲ. ಸ್ಕ್ಯಾನರ್ ಅಲ್ಲಿಗೇ ಒಯ್ದು ಪ್ರತಿ ಮಾಡಿಕೊಂಡೆವು. ಮೂಲ ಅವರ ಮನೆಯಲ್ಲೇ ಇದೆ ಅಂತ ಪಟ್ಟಿಯಲ್ಲಿ ನಮೂದಿಸಿದೆವು. ಬರುವಾಗ ಆ ಪತ್ರಗಳನ್ನು ಇಡಲು ಒಂದು ಆಮ್ಲವಿಲ್ಲದ ಪೆಟ್ಟಿಗೆಯನ್ನೂ ಕೊಟ್ಟು ಬಂದೆವು. ಸಂಪಾದಕರ ಕಾರ್ಡಿಗೆ ಕವಿಗಳು ಬರೆದ ಉತ್ತರ ಇನ್ನೂ ಸಿಕ್ಕಿಲ್ಲ. ಆ ಸಂಪಾದಕರ ಕಡೆಯವರು ಬ್ಯಾಡಗಿಯಲ್ಲಿದ್ದಾರೆ ಅಂತ ತಿಳಿದಿದೆ, ಈ ಮಳೆ ನಿಂತ ಮೇಲೆ ಅಲ್ಲಿಗೆ ಹೋಗಬೇಕು.